‘ಇನ್ನು ಮನೆಗೆ ಕರ್ಕೊಂಡು ಹೋಗಿ’ ಎಂದ ಮೇಲೆ: ಹಾಸ್ಪಿಸ್ ತಂಡ ಮಾಡುವುದೇನು?

ಪ್ರಶ್ನೆ: ನಮ್ಮದು ಮದ್ದೂರು ತಾಲ್ಲೂಕಿನ ಒಂದು ಹಳ್ಳಿ. ಅಪ್ಪನಿಗೆ 66 ವರ್ಷ, ಕೆನ್ನೆಯ ಕ್ಯಾನ್ಸರ್. ಆಪರೇಷನ್, ರೇಡಿಯೇಷನ್ ಎರಡೂ ಆಗಿವೆ. ಈಗ ಗಂಟು ಕುತ್ತಿಗೆಗೆ ಇಳಿದು, ಒಡೆದು ಹುಣ್ಣಾಗಿದೆ. ಮೂಗಿನ ನಳಿಗೆಯಲ್ಲಿ ಊಟ. ಮೈಸೂರಿನ ಡಾಕ್ಟರು ‘ಇನ್ನು ಕೀಮೋ ಬೇಡ, ಪ್ಯಾಲಿಯೇಟಿವ್ ಕೇರ್‌ನವರನ್ನು ನೋಡಿ’ ಎಂದು ಬರೆದುಕೊಟ್ಟರು. ‘ಹಾಸ್ಪಿಸ್ ಅಂದ್ರೆ ಸಾಯೋಕೆ ಬಿಟ್ಟು ಬರೋ ಜಾಗ’ ಅನ್ನುತ್ತಾರೆ ನೆಂಟರು. ಆ ತಂಡದವರು ನಿಜಕ್ಕೂ ಏನು ಮಾಡುತ್ತಾರೆ? ಮಾರ್ಫಿನ್ ಕೊಟ್ಟರೆ ಬೇಗ ಹೋಗಿಬಿಡುತ್ತಾರಾ? ಡ್ರಿಪ್ ಹಾಕಿಸಬೇಕಾ? ಅಪ್ಪನಿಗೆ ವಿಷಯ ಹೇಳಬೇಕಾ? ಮನೆಯಲ್ಲೇ ನೋಡಿಕೊಳ್ಳಲು ಆಗುತ್ತದಾ?

ಉತ್ತರ: ನೆಂಟರ ಮಾತನ್ನು ಸದ್ಯಕ್ಕೆ ಪಕ್ಕಕ್ಕಿಡಿ. ನಿಮ್ಮ ತಂದೆಗೆ ನಿಲ್ಲಿಸಿರುವುದು ಕೀಮೋ ಒಂದನ್ನೇ. ನೋವು, ಹುಣ್ಣು, ವಾಸನೆ, ಕೆಟ್ಟ ನಿದ್ದೆ, ಮಲಬದ್ಧತೆ, ಭಯ ಇವಕ್ಕೆಲ್ಲ ಚಿಕಿತ್ಸೆ ಈಗ ಶುರುವಾಗಬೇಕು. ಈ ಆರೈಕೆಗೇ ಪ್ಯಾಲಿಯೇಟಿವ್ ಕೇರ್ ಎನ್ನುವುದು, ಅದನ್ನು ಮಾಡುವವರೇ ಹಾಸ್ಪಿಸ್ ತಂಡದವರು. ನಮ್ಮ ಕಡೆ ಈ ಕೆಲಸದ ದೊಡ್ಡ ಪಾಲು ನಡೆಯುವುದು ರೋಗಿಯ ಮನೆಯಲ್ಲೇ. ಹಾಸಿಗೆಗಳಿರುವ ಹಾಸ್ಪಿಸ್ ಬೇಕಾಗುವುದು ಮನೆಯಲ್ಲಿ ಹಿಡಿತಕ್ಕೆ ಸಿಗದ ತೊಂದರೆ ಬಂದಾಗ, ಇಲ್ಲವೇ ನೋಡಿಕೊಳ್ಳುವವರೇ ಇಲ್ಲದಾಗ.

ಒಂದು ಲೆಕ್ಕ ನೋಡಿ. ವಾರಕ್ಕೆ 168 ಗಂಟೆ. ನರ್ಸ್ ವಾರಕ್ಕೊಮ್ಮೆ ಬಂದು ಒಂದು ಗಂಟೆ ಇದ್ದರೂ ಮಿಕ್ಕ 167 ಗಂಟೆ ಮನೆಯವರದೇ. ಆ ಹೊತ್ತಿನಲ್ಲಿ ಏನೇನು ಆಗಬಹುದೆಂದು ಮೊದಲೇ ಊಹಿಸಿ, ಅದಕ್ಕೆ ಬೇಕಾದ ಮಾತ್ರೆ, ಬಟ್ಟೆ, ತಿಳಿವಳಿಕೆ, ಫೋನ್ ನಂಬರು ಎಲ್ಲವನ್ನೂ ಮನೆಯಲ್ಲಿಟ್ಟು ಹೋಗುವುದೇ ತಂಡದ ಅಸಲಿ ಕೆಲಸ. ಅಂಥ ತಂಡದ ಬೆಲೆ ಗೊತ್ತಾಗುವುದು ರಾತ್ರಿ ಎರಡು ಗಂಟೆಗೆ. ನಡುರಾತ್ರಿ ಕಾರು ಹಿಡಿದು ಮಂಡ್ಯಕ್ಕೋ ಮೈಸೂರಿಗೋ ಓಡುವ ಎಷ್ಟೋ ಸಂದರ್ಭಗಳ ಹಿಂದೆ ಮನೆಯಲ್ಲಿ ಇರದೇ ಹೋದ ಒಂದು ಮಾತ್ರೆ ಇರುತ್ತದೆ, ಇಲ್ಲವೇ ಯಾರೂ ಮುಂಚೆ ಹೇಳಿಕೊಡದ ಒಂದು ಲಕ್ಷಣ ಇರುತ್ತದೆ.

ತಂಡದಲ್ಲಿ ಸಾಮಾನ್ಯವಾಗಿ ಒಬ್ಬ ಡಾಕ್ಟರು, ನರ್ಸ್, ಆಪ್ತಸಮಾಲೋಚಕರು ಅಥವಾ ಸಮಾಜ ಕಾರ್ಯಕರ್ತರು, ಕೆಲವು ಕಡೆ ಫಿಸಿಯೋಥೆರಪಿಸ್ಟ್ ಮತ್ತು ಸ್ವಯಂಸೇವಕರು ಇರುತ್ತಾರೆ. ಮನೆಗೆ ಹೆಚ್ಚು ಸಲ ಬರುವುದು ನರ್ಸೇ. ಕ್ಯಾನ್ಸರ್‌ಗೆ ಸಮಾಜ ಕಾರ್ಯಕರ್ತರು ಯಾಕೆ ಎಂದು ಕೇಳುವವರಿದ್ದಾರೆ. 1967ರಲ್ಲಿ ಲಂಡನ್‌ನಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪಿಸ್ ತೆರೆದ ಸಿಸಿಲಿ ಸಾಂಡರ್ಸ್ ಆಗಲೇ ಕಂಡುಕೊಂಡಿದ್ದ ಮಾತಿದು: ಸೊಸೈಟಿ ಸಾಲ, ಮದುವೆಯಾಗದ ಮಗಳು, ದೇವರ ಮೇಲಿನ ಸಿಟ್ಟು, ಇವೆಲ್ಲ ನೋವಿನ ಒಳಗೇ ಸೇರಿಕೊಂಡಿರುತ್ತವೆ. ಅವನ್ನು ಮುಟ್ಟದೆ ಮಾತ್ರೆಯ ಡೋಸನ್ನಷ್ಟೇ ಏರಿಸುತ್ತ ಹೋದರೆ ನೋವು ಜಗ್ಗುವುದಿಲ್ಲ.

ಮೊದಲ ಭೇಟಿ ಉದ್ದವಾಗಿರುತ್ತದೆ. ಡಿಸ್ಚಾರ್ಜ್ ಸಮ್ಮರಿ, ಬಯಾಪ್ಸಿ ವರದಿ, ಕೊನೆಯ ಸ್ಕ್ಯಾನ್, ಈಗ ಕೊಡುತ್ತಿರುವ ಎಲ್ಲ ಮಾತ್ರೆಗಳು, ನಾಟಿ ಔಷಧಿಯಿದ್ದರೆ ಅದೂ, ಒಂದು ಚೀಲದಲ್ಲಿ ತಯಾರಿರಲಿ. ಎಲ್ಲಿ ನೋವು, ಎಂಥ ನೋವು, ರಾತ್ರಿ ಎಷ್ಟು ಸಲ ಎಚ್ಚರ, ಕೊನೆಗೆ ಮಲವಾಗಿದ್ದು ಯಾವತ್ತು ಎಂದು ನರ್ಸ್ ಕೇಳುತ್ತಾರೆ. ನೋವಿಗೆ ಸೊನ್ನೆಯಿಂದ ಹತ್ತರವರೆಗೆ ಅಂಕ ಕೊಡಿ ಎಂದರೆ ಹಳಬರು ಮಿಕಿಮಿಕಿ ನೋಡುತ್ತಾರೆ. ‘ರೂಪಾಯಿಗೆ ಎಷ್ಟಾಣೆ ನೋವು?’ ಎಂದರೆ ಥಟ್ಟನೆ ‘ಹನ್ನೆರಡಾಣೆ’ ಅನ್ನುತ್ತಾರೆ. ಮಾತು ಬರದವರು ಬೆರಳು ತೋರಿಸುತ್ತಾರೆ. ನಿಮ್ಮ ತಂದೆಗೆ ಒಂದು ಸ್ಲೇಟು ಬಳಪ ಕೊಡಿಸಿ. ಬಾಯಿ ಕ್ಯಾನ್ಸರ್ ಇರುವವರಿಗೆ ಅದು ಅರ್ಧ ಔಷಧಿ.

ಈಗ ಮಾರ್ಫಿನ್, ಅಂದರೆ ತೀವ್ರ ನೋವಿಗೆ ಕೊಡುವ ಔಷಧಿ. ಬಾಯಿಯಲ್ಲಿ ಅಥವಾ ನಳಿಗೆಯಲ್ಲಿ, ನೋವಿಗೆ ತಕ್ಕಷ್ಟು ಅಳೆದು ಕೊಡುವ ಮಾರ್ಫಿನ್ ಸಾವನ್ನು ಹತ್ತಿರಕ್ಕೆ ಎಳೆದು ತರುವುದಿಲ್ಲ. ಈ ಹೆದರಿಕೆ ಹುಟ್ಟಿದ್ದಕ್ಕೆ ಕಾರಣ ಇಷ್ಟೆ: ಬಹಳ ಕಾಲ ಅದನ್ನು ಕೊನೆಯ ಎರಡು ದಿನಕ್ಕೆಂದೇ ಮೀಸಲಿಟ್ಟಿದ್ದರು. ಕೊಟ್ಟ ಮಾರನೇ ದಿನ ಹೋದರು ಎಂದಮೇಲೆ ಅಪವಾದ ಮಾತ್ರೆಯ ತಲೆಗೆ ಬಂತು. ಶುರು ಮಾಡಿದ ಎರಡು ಮೂರು ದಿನ ರೋಗಿ ತೂಕಡಿಸುತ್ತಾರೆ. ಅದರಲ್ಲಿ ಒಂದು ಪಾಲು ಔಷಧಿಯದು, ಇನ್ನೊಂದು ಪಾಲು ವಾರಗಟ್ಟಲೆ ಬಾಕಿ ಉಳಿದ ನಿದ್ದೆಯದು.

ಸಾಮಾನ್ಯ ಆರಂಭ 4 ಗಂಟೆಗೊಮ್ಮೆ 5 ಮಿ.ಗ್ರಾಂ. ತೀರ ನಿತ್ರಾಣದಲ್ಲಿರುವವರಿಗೆ 2.5. ಕಿಡ್ನಿ ಸರಿಯಿಲ್ಲದವರಿಗೆ ಡೋಸ್ ಕಡಿಮೆ, ಅಂತರ ಹೆಚ್ಚು. ನಮ್ಮಲ್ಲಿ ಹೆಚ್ಚಾಗಿ ಸಿಗುವುದು 10 ಮಿ.ಗ್ರಾಂ ಮಾತ್ರೆ, ಅರ್ಧ ಮುರಿದರೆ 5. ಬೆಳಿಗ್ಗೆ 6, 10, ಮಧ್ಯಾಹ್ನ 2, ಸಂಜೆ 6, ರಾತ್ರಿ 10. ರಾತ್ರಿ 10ರದ್ದು ದುಪ್ಪಟ್ಟು, ನಡುರಾತ್ರಿ 2ಕ್ಕೆ ಯಾರೂ ಏಳಬೇಕಾಗಿಲ್ಲ. ಇದು ಗಡಿಯಾರದ ಮಾತ್ರೆ. ನೋವಿರಲಿ ಬಿಡಲಿ, ಹೊತ್ತಿಗೆ ಸರಿಯಾಗಿ ಕೊಡಬೇಕು. ಮನೆಗಳಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಆಗುವ ತಪ್ಪು ಇದೇ: ‘ಈಗ ಆರಾಮಾಗಿ ಮಲಗಿದ್ದಾರಲ್ಲ, ಯಾಕೆ ಕೊಡೋದು’ ಎಂದು ಎರಡು ಸಲ ಬಿಡುತ್ತಾರೆ, ರಾತ್ರಿ ನೋವು ತಲೆಯೆತ್ತಿದಾಗ ಅದನ್ನು ಇಳಿಸಲು ಮೊದಲಿಗಿಂತ ಹೆಚ್ಚು ಮಾತ್ರೆ ಬೇಕಾಗುತ್ತದೆ.

ನಡುವೆ ನೋವು ಚಿಮ್ಮಿದರೆ ಕೊಡಲು ಬೇರೆ ಡೋಸ್ ಇರುತ್ತದೆ, ದಿನದ ಒಟ್ಟು ಪ್ರಮಾಣದ ಆರನೇ ಒಂದು ಭಾಗ. ದಿನಕ್ಕೆ 30 ಮಿ.ಗ್ರಾಂ ಇದ್ದರೆ ಅದು 5. ಕೊಟ್ಟಿದ್ದನ್ನೆಲ್ಲ ಹೊತ್ತಿನ ಸಮೇತ ಒಂದು ನೋಟ್‌ಬುಕ್ಕಿನಲ್ಲಿ ಬರೆಯಿರಿ. ದಿನಕ್ಕೆ ಮೂರು ನಾಲ್ಕು ಸಲ ಹೆಚ್ಚುವರಿ ಬೇಕಾಯಿತು ಎಂದು ಪುಸ್ತಕ ಹೇಳಿದರೆ ಡಾಕ್ಟರು ಗಡಿಯಾರದ ಡೋಸನ್ನೇ ಏರಿಸುತ್ತಾರೆ, ಉದಾಹರಣೆಗೆ 5ರಿಂದ 7.5ಕ್ಕೆ. ಫೋನಿನಲ್ಲೇ ಆಗುವ ಕೆಲಸ ಅದು, ಪುಸ್ತಕ ಇದ್ದರೆ ಮಾತ್ರ.

ನಳಿಗೆಯಲ್ಲಿ ಕೊಡುವಾಗ ಮಾತ್ರೆಯನ್ನು ನುಣ್ಣಗೆ ಅರೆದು 10-15 ಮಿ.ಲೀ ನೀರಿನಲ್ಲಿ ಕದಡಿ, ಮೊದಲೂ ಆಮೇಲೂ 30 ಮಿ.ಲೀ ಬರೀ ನೀರು ಬಿಡಬೇಕು. ಹೀಗೆ ಅರೆಯಬಹುದಾದದ್ದು ಸಾದಾ ಮಾತ್ರೆಯನ್ನು ಮಾತ್ರ. 12 ಗಂಟೆ ಕೆಲಸ ಮಾಡುವ ‘ಎಸ್‌ಆರ್’ ಮಾತ್ರೆಯನ್ನು ಅರೆದರೆ ಅರ್ಧ ದಿನದ ಔಷಧಿ ಒಂದೇ ಸಲ ಮೈಗೇರಿ ಅಪಾಯವಾಗುತ್ತದೆ. ಮಾತ್ರೆಯ ಹಾಳೆ ಬದಲಾದಾಗಲೆಲ್ಲ ನರ್ಸ್‌ಗೆ ಒಂದು ಫೋಟೋ ಕಳಿಸಿ ಕೇಳಿ.

ಮಾರ್ಫಿನ್ ಶುರುವಾದ ದಿನವೇ ಮಲ ಸಡಿಲಿಸುವ ಔಷಧಿಯೂ ಶುರುವಾಗಬೇಕು. ತೂಕಡಿಕೆಯೂ ವಾಕರಿಕೆಯೂ ಕೆಲವೇ ದಿನಕ್ಕೆ ಇಳಿಯುತ್ತವೆ, ಮಲಬದ್ಧತೆ ಮಾತ್ರ ಕೊನೇತನಕ ಬಿಡುವುದಿಲ್ಲ. ಸಾಮಾನ್ಯವಾಗಿ ಕೊಡುವ ಬಿಸಾಕೊಡಿಲ್ ಮಾತ್ರೆಗೆ ಹೊರಲೇಪ ಇರುವುದರಿಂದ ಅದನ್ನು ಅರೆದು ನಳಿಗೆಗೆ ಹಾಕುವಂತಿಲ್ಲ. ನಿಮ್ಮ ತಂದೆಗೆ ಸಿರಪ್ ರೂಪದ್ದೇ ಬೇಕು ಎಂದು ನೆನಪಿಸಿ. ಮೂರು ದಿನ ಮಲವಾಗದಿದ್ದರೆ ಕಾಯದೆ ಫೋನ್ ಮಾಡಿ. ಎಬ್ಬಿಸಿದರೂ ಏಳದಷ್ಟು ಮಂಪರು, ನಿಮಿಷಕ್ಕೆ 8ಕ್ಕಿಂತ ಕಡಿಮೆ ಉಸಿರು, ಕೈಕಾಲು ಇದ್ದಕ್ಕಿದ್ದಂತೆ ಜಗ್ಗುವುದು, ಗಾಳಿಯಲ್ಲಿ ಏನನ್ನೋ ಹಿಡಿಯಲು ಹೋಗುವುದು ಕಂಡರೂ ಕೂಡಲೇ ಹೇಳಬೇಕು. ಮೂತ್ರ ಕಡಿಮೆಯಾದಾಗ ಔಷಧಿ ಒಳಗೇ ಉಳಿದು ಹೀಗಾಗುತ್ತದೆ, ಡೋಸ್ ಇಳಿಸಿದರೆ ಅಥವಾ ಅಂತರ ಹೆಚ್ಚಿಸಿದರೆ ಸರಿಹೋಗುತ್ತದೆ. ನಿಮ್ಮಷ್ಟಕ್ಕೆ ನೀವು ಥಟ್ಟನೆ ನಿಲ್ಲಿಸಬೇಡಿ. ಮಾರ್ಫಿನ್ ಜೊತೆ ಹಳೇ ನೋವಿನ ಮಾತ್ರೆ ಟ್ರಮಡಾಲ್ ಮುಂದುವರಿಸುವುದರಿಂದ ಏನೂ ಲಾಭವಿಲ್ಲ. ಪ್ಯಾರಸಿಟಮಾಲ್ ಮುಂದುವರಿಸಿದರೆ ಲಾಭವಿದೆ. ಕಿವಿಯ ಕಡೆಗೆ ಕರೆಂಟ್ ಹೊಡೆದಂತೆ, ಉರಿದಂತೆ ನೋವು ಎಂದರೆ ಅದು ನರದ್ದು. ಅದಕ್ಕೆ ರಾತ್ರಿ ಹೊತ್ತು ಅಮಿಟ್ರಿಪ್ಟಿಲಿನ್‌ನಂಥ ಬೇರೆ ಮಾತ್ರೆ ಸೇರಿಸುತ್ತಾರೆ.

ಮದ್ದೂರಿನ ಮೆಡಿಕಲ್ ಶಾಪಿನಲ್ಲಿ ಮಾರ್ಫಿನ್ ಹುಡುಕಿ ದಿನ ಕಳೆಯಬೇಡಿ. 1985ರ ಮಾದಕವಸ್ತು ಕಾಯ್ದೆಯ ಕೆಳಗೆ ಅದಕ್ಕೆ ಹಲವು ಲೈಸೆನ್ಸ್ ಬೇಕಿದ್ದುದರಿಂದ ಆಸ್ಪತ್ರೆಗಳೇ ಇಟ್ಟುಕೊಳ್ಳಲು ಹಿಂಜರಿಯುತ್ತಿದ್ದವು. 2014ರ ತಿದ್ದುಪಡಿ ನಿಯಮವನ್ನು ಸಡಿಲಿಸಿತು. ಈಗ ಮಾನ್ಯತೆ ಪಡೆದ ಆಸ್ಪತ್ರೆ, ಹಾಸ್ಪಿಸ್‌ಗಳು ಇಟ್ಟುಕೊಂಡು ಲೆಕ್ಕ ಬರೆದು ಕೊಡುತ್ತವೆ. ಚೀಟಿ ಜೊತೆಗಿರಲಿ, ಮಾತ್ರೆ ಬೀಗದಲ್ಲಿರಲಿ. ನಾಲ್ಕು ದಿನದ್ದು ಉಳಿದಿರುವಾಗಲೇ ಮುಂದಿನದನ್ನು ತನ್ನಿ. ಶನಿವಾರ ಸಂಜೆ ಡಬ್ಬಿ ಬರಿದಾಗುವುದು ಬಹಳ ಮನೆಗಳ ಕಥೆ.

ಹುಣ್ಣಿನ ವಿಷಯಕ್ಕೆ ಬರೋಣ. ನಿಮ್ಮ ತಂದೆಯನ್ನು ನೋವಿಗಿಂತ ಹೆಚ್ಚು ಕುಗ್ಗಿಸುತ್ತಿರುವುದು ವಾಸನೆಯೇ ಇರಬಹುದು. ಮೊಮ್ಮಕ್ಕಳು ಬಾಗಿಲಲ್ಲೇ ನಿಲ್ಲುತ್ತಾರೆ, ಬಂದವರು ಮೂಗು ಮುಚ್ಚದಿದ್ದರೂ ಬೇಗ ಏಳುತ್ತಾರೆ, ರೋಗಿಗೆ ಎಲ್ಲ ಗೊತ್ತಾಗುತ್ತದೆ. ಈ ಹುಣ್ಣು ಮಾಯುವುದಿಲ್ಲ. ಆದರೆ ವಾಸನೆಯನ್ನು ನಾಲ್ಕೈದು ದಿನದಲ್ಲಿ ಗಣನೀಯವಾಗಿ ಇಳಿಸಬಹುದು, ಅದೂ ಅಗ್ಗದಲ್ಲಿ.

ನರ್ಸ್ ಕಲಿಸುವ ಕ್ರಮ ಹೀಗಿರುತ್ತದೆ. ಹಳೇ ಹತ್ತಿ ಪಂಚೆಯನ್ನೋ ಸೀರೆಯನ್ನೋ ಒಗೆದು ಒಣಗಿಸಿ ಅಂಗೈಯಗಲದ ಚೌಕಗಳಾಗಿ ಕತ್ತರಿಸಿ, ಬಟ್ಟೆಯಲ್ಲಿ ಗಂಟು ಕಟ್ಟಿ, ಕುಕ್ಕರಿನಲ್ಲಿ ನೀರಿಗೆ ತಾಗದಂತೆ ತಟ್ಟೆಯ ಮೇಲಿಟ್ಟು, ಮೊದಲ ವಿಷಲ್ ಬಂದ ಮೇಲೆ ಸಣ್ಣ ಉರಿಯಲ್ಲಿ ಅರ್ಧ ಗಂಟೆ ಬೇಯಿಸಬೇಕು. ಅರ್ಧ ಲೀಟರ್ ಕುದಿಸಿ ಆರಿಸಿದ ನೀರಿಗೆ ಒಂದು ಸಮ ಟೀ ಚಮಚ ಉಪ್ಪು, ಇದು ತೊಳೆಯುವ ನೀರು. ಡ್ರೆಸ್ಸಿಂಗ್‌ಗೆ ಅರ್ಧ ಗಂಟೆ ಮುಂಚೆ ಮಾರ್ಫಿನ್ನಿನ ಹೆಚ್ಚುವರಿ ಡೋಸ್ ಕೊಡಿ. ಹಳೇ ಬಟ್ಟೆಯನ್ನು ಎಂದೂ ಒಣಗಿದ್ದಾಗ ಕೀಳಬೇಡಿ. ಉಪ್ಪುನೀರು ಹಾಕಿ ಹತ್ತು ಹದಿನೈದು ನಿಮಿಷ ನೆನೆಯಲು ಬಿಟ್ಟರೆ ತಾನಾಗಿ ಜಾರಿ ಬರುತ್ತದೆ. ಎಳೆದರೆ ರಕ್ತ ಬರುತ್ತದೆ, ಆ ರಕ್ತವೇ ಕೊಳೆತು ವಾಸನೆ ಹೆಚ್ಚುತ್ತದೆ. ತೊಳೆದ ಮೇಲೆ 400 ಮಿ.ಗ್ರಾಂನ ಮೆಟ್ರೊನಿಡಜೋಲ್ ಮಾತ್ರೆಗಳನ್ನು ಹಿಟ್ಟಿನಂತೆ ಅರೆದು ಹುಣ್ಣಿನ ಮೇಲೆ ಉದುರಿಸಿ ಬಟ್ಟೆ ಹೊದಿಸಬೇಕು. ವಾಸನೆ ಹುಟ್ಟಿಸುವ ಬ್ಯಾಕ್ಟೀರಿಯಾ ಈ ಪುಡಿಗೆ ಸಾಯುತ್ತವೆ. ಎಷ್ಟು ಮಾತ್ರೆ, ಹುಣ್ಣಿನ ಯಾವ ಭಾಗಕ್ಕೆ ಎಂಬುದನ್ನು ಮೊದಲ ಎರಡು ಸಲ ನರ್ಸ್ ಕೈಯಲ್ಲೇ ಮಾಡಿ ತೋರಿಸುತ್ತಾರೆ. ದಿನಕ್ಕೊಮ್ಮೆ, ಹೆಚ್ಚು ಸೋರುತ್ತಿದ್ದರೆ ಎರಡು ಸಲ. ಹೈಡ್ರೋಜನ್ ಪೆರಾಕ್ಸೈಡ್, ಡೆಟಾಲ್, ಅರಿಶಿನ, ಬೂದಿ ಏನೂ ಬೇಡ. ಊದಿನಕಡ್ಡಿ ಹೊಗೆಯೂ ಬೇಡ, ಅದು ವಾಸನೆ ಮುಚ್ಚುವುದಿಲ್ಲ, ಕೆಮ್ಮು ತರಿಸುತ್ತದೆ. ಮಂಚದ ಕೆಳಗೆ ಒಂದು ಬುಟ್ಟಿ ಇದ್ದಿಲು ಇಡಿ.

ನೊಣದ ಬಗ್ಗೆ ಮಂಡ್ಯ ಕಡೆಯವರಿಗೆ ವಿಶೇಷವಾಗಿ ಹೇಳಬೇಕು. ಆಲೆಮನೆ ಹತ್ತಿರವಿದ್ದರೆ, ಕೊಟ್ಟಿಗೆ ಮನೆಗೆ ಅಂಟಿಕೊಂಡಿದ್ದರೆ, ಹಗಲು ಹೊತ್ತಿನಲ್ಲೂ ಸೊಳ್ಳೆಪರದೆ ಬೇಕು. ನೊಣ ಒಂದು ಸಲ ಕೂತು ಮೊಟ್ಟೆಯಿಟ್ಟರೆ ಒಂದೆರಡು ದಿನದಲ್ಲಿ ಹುಳು. ಹುಳು ಕಂಡ ಮನೆಯವರು ನಾಚಿಕೆಯಿಂದ ಯಾರಿಗೂ ಹೇಳುವುದಿಲ್ಲ. ನರ್ಸ್‌ಗಳಿಗೆ ಇದು ದಿನನಿತ್ಯದ ಕೆಲಸ. ಟರ್ಪೆಂಟೈನ್ ಅದ್ದಿದ ಬಟ್ಟೆಯನ್ನು ಹುಣ್ಣಿನ ಬಾಯಿಗೆ ಹಿಡಿದರೆ ಹುಳುಗಳು ಮೇಲೆ ಬರುತ್ತವೆ, ಚಿಮಟದಿಂದ ಒಂದೊಂದಾಗಿ ತೆಗೆಯುತ್ತಾರೆ. ಒಂದೇ ಸಲಕ್ಕೆ ಮುಗಿಯದೆ ಎರಡು ಮೂರು ದಿನ ಹಿಡಿಯಬಹುದು.

ಇನ್ನೊಂದು ಮಾತನ್ನು ಮುಚ್ಚುಮರೆಯಿಲ್ಲದೆ ಹೇಳಬೇಕು. ಕುತ್ತಿಗೆಯ ಹುಣ್ಣು ದೊಡ್ಡ ರಕ್ತನಾಳದ ಹತ್ತಿರವಿದ್ದರೆ ರಕ್ತಸ್ರಾವವಾಗಬಹುದು. ಎಲ್ಲರಿಗೂ ಆಗುವುದಿಲ್ಲ. ಸಣ್ಣಗೆ ಜಿನುಗಿದರೆ ಒದ್ದೆ ಬಟ್ಟೆಯನ್ನು ಹತ್ತು ನಿಮಿಷ ಬಿಡದೆ ಒತ್ತಿ ಹಿಡಿಯಿರಿ, ನಡುನಡುವೆ ಎತ್ತಿ ನೋಡಬೇಡಿ. ರಕ್ತ ನಿಲ್ಲಿಸುವ ಟ್ರಾನೆಕ್ಸಾಮಿಕ್ ಆಸಿಡ್ ಮಾತ್ರೆ ಅರೆದು ಆ ಬಟ್ಟೆಗೆ ಹಾಕುವುದನ್ನು ನರ್ಸ್ ಹೇಳಿಕೊಡುತ್ತಾರೆ. ಹೀಗೊಮ್ಮೆ ಜಿನುಗಿದರೆ ಅದು ದೊಡ್ಡದಕ್ಕೆ ಮುನ್ಸೂಚನೆಯೂ ಇರಬಹುದು, ತಿಳಿಸಿ. ದೊಡ್ಡದಾಗಿ ಹರಿದರೆ ಕೆಲವೇ ನಿಮಿಷಗಳ ಮಾತು, ಯಾವ ಆಂಬುಲೆನ್ಸೂ ಅಷ್ಟರಲ್ಲಿ ಬರಲಾರದು. ಅದಕ್ಕೇ ತಂಡದವರು ಕೆಂಪು ಅಥವಾ ಕಡುಬಣ್ಣದ ಟವೆಲ್, ಹೊದಿಕೆ ತಲೆದೆಸೆಯಲ್ಲಿ ಇಡಿಸುತ್ತಾರೆ. ಬಿಳಿ ಬಟ್ಟೆಯಲ್ಲಿ ಅದೇ ರಕ್ತ ಹತ್ತುಪಟ್ಟು ಕಾಣುತ್ತದೆ, ರೋಗಿಯೂ ಬೆಚ್ಚುತ್ತಾರೆ, ನೋಡಿದವರು ಜನ್ಮಪೂರ್ತಿ ಮರೆಯುವುದಿಲ್ಲ. ಟವೆಲ್ ಒತ್ತಿ, ಪಕ್ಕಕ್ಕೆ ಹೊರಳಿಸಿ, ಕೈ ಹಿಡಿದು ಮಾತಾಡಿಸುತ್ತ ಕೂರುವುದೇ ಆಗ ಮಾಡಬೇಕಾದ ಕೆಲಸ. ಬೇಗ ಮಂಪರು ಬರಿಸುವ ಮಿಡಜೋಲಮ್ ಅನ್ನು ಮನೆಯಲ್ಲಿ ಇಡಬಹುದೇ, ಯಾರು ಕೊಡಬೇಕು ಎಂದು ಡಾಕ್ಟರ ಜೊತೆ ಮೊದಲೇ ಮಾತಾಡಿಕೊಳ್ಳಿ. ಈ ಮಾತು ಮನೆಯ ಒಬ್ಬಿಬ್ಬರು ಗಟ್ಟಿ ಮನಸ್ಸಿನವರಿಗೆ ಗೊತ್ತಿದ್ದರೆ ಸಾಕು.

ನಳಿಗೆಯ ಊಟಕ್ಕೆ: ಬೆನ್ನಿಗೆ ದಿಂಬು ಕೊಟ್ಟು ಅರ್ಧ ಕೂರಿಸಿ, ಸೋಸಿದ ರಾಗಿ ಗಂಜಿ, ಬೇಳೆಕಟ್ಟು, ಮಜ್ಜಿಗೆ, ಒಂದು ಸಲಕ್ಕೆ 200 ಮಿ.ಲೀ ಆಸುಪಾಸು, ನಿಧಾನ. ಮುಗಿದ ಮೇಲೆ ನೀರು ಬಿಟ್ಟು ನಳಿಗೆ ತೊಳೆಯಿರಿ, ಅರ್ಧ ಗಂಟೆ ಮಲಗಿಸಬೇಡಿ. ನಳಿಗೆ ಕಟ್ಟುವುದು ಹೆಚ್ಚಾಗಿ ಸೋಸದ ರಾಗಿಯಿಂದ, ಸರಿಯಾಗಿ ಅರೆಯದ ಮಾತ್ರೆಯಿಂದ. ನಳಿಗೆ ಹೊರಗೆ ಜಾರಿದಂತೆ ಕಂಡರೆ ಏನನ್ನೂ ಬಿಡದೆ ಮೊದಲು ನರ್ಸ್‌ಗೆ ಹೇಳಿ, ಅದು ಶ್ವಾಸನಾಳದ ಕಡೆ ಹೋಗಿರಬಹುದು.

ಮುಂದೆ ಒಂದು ದಿನ 200 ಮಿ.ಲೀ ಹೋಗುತ್ತಿದ್ದದ್ದು 100ಕ್ಕೆ ಇಳಿಯುತ್ತದೆ. ವಾಂತಿ, ಹೊಟ್ಟೆಯುಬ್ಬರ ಬರುತ್ತದೆ. ಇಲ್ಲಿಯೇ ಮನೆಯೊಳಗೆ ಜಗಳ ಹತ್ತುವುದು: ಬೆಂಗಳೂರಿನಿಂದ ಬಂದ ಅಣ್ಣ ‘ಒಂದು ಬಾಟ್ಲಿ ಗ್ಲೂಕೋಸ್ ಹಾಕಿಸಿ’ ಎನ್ನುತ್ತಾನೆ, ಊರಿನ ಕಾಂಪೌಂಡರ್ ಬಂದು ಹಾಕಿ ಹೋಗುತ್ತಾನೆ. ದೇಹ ಒಂದೊಂದೇ ಕೆಲಸ ನಿಲ್ಲಿಸುತ್ತ ಹೋಗುವ ಹಂತದಲ್ಲಿ ಆಹಾರ ಬೇಡವಾಗುವುದು ರೋಗದ ಭಾಗ, ಉಪವಾಸದಿಂದ ಸಾಯುತ್ತಿದ್ದಾರೆ ಎಂದು ತಿಳಿಯಬೇಡಿ. ಆಗ ಹಾಕಿದ ನೀರನ್ನು ಕಿಡ್ನಿ ಹೊರಹಾಕಲಾರದು. ಅದು ಕಾಲಿನ ಬಾವಾಗಿ, ಗಂಟಲಿನ ಕಫವಾಗಿ ಕಾಣಿಸಿಕೊಳ್ಳುತ್ತದೆ. ಆ ಒಂದು ಬಾಟಲಿ ಗ್ಲೂಕೋಸಿನಲ್ಲಿ (ಡೆಕ್ಸ್‌ಟ್ರೋಸ್) ಇರುವುದು 25 ಗ್ರಾಂ ಸಕ್ಕರೆ, ಐದಾರು ಚಮಚ ಅಷ್ಟೇ. ನಿಜಕ್ಕೂ ದ್ರವ ಬೇಕೆನಿಸಿದ ಕೆಲವರಿಗೆ ಚರ್ಮದ ಕೆಳಗೆ ಸಣ್ಣ ಸೂಜಿಯಿಂದ ದಿನಕ್ಕೆ 500 ಮಿ.ಲೀ ಸಲೈನ್ ನಿಧಾನವಾಗಿ ಬಿಡುವ ಕ್ರಮವಿದೆ. ಅದನ್ನು ತಂಡ ನಿರ್ಧರಿಸಲಿ.

ಬಾಯಿ ಒಣಗುವುದಕ್ಕೆ ಔಷಧಿ ಬಾಯಿಯಲ್ಲೇ ಇದೆ. ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಒಂದು ಚಮಚ ಉಪ್ಪು, ಒಂದು ಚಮಚ ಅಡುಗೆ ಸೋಡ. ಬಾಯಿ ತೆರೆಯಲಾಗದಿದ್ದರೆ ಬೆರಳಿಗೆ ಬಟ್ಟೆ ಸುತ್ತಿ ಅದ್ದಿ ಒಳಗೆ ಒರೆಸಿ, ಎರಡು ಮೂರು ಗಂಟೆಗೊಮ್ಮೆ. ಬಿಳಿ ಕೆನೆಯಂತೆ ಕಂಡರೆ ಅದು ಫಂಗಸ್, ಹೇಳಿ. ಹಾಸಿಗೆ ಹುಣ್ಣಿಗೆ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದೇ ಮುಖ್ಯ, ಗಾಳಿ ಹಾಸಿಗೆ ಇದ್ದರೂ. ಕೆಂಪಾದ ಜಾಗವನ್ನು ಉಜ್ಜಬೇಡಿ. ಟ್ಯೂಬಿನಂತಹ ರಿಂಗ್ ಮೇಲೆ ಕೂರಿಸಬೇಡಿ, ಅದರ ಅಂಚು ರಕ್ತ ಓಡಾಟ ತಡೆದು ಹುಣ್ಣನ್ನು ದೊಡ್ಡದು ಮಾಡುತ್ತದೆ.

‘ಅಪ್ಪನಿಗೆ ಹೇಳಬೇಕಾ’ ಎಂದಿರಿ. ಬಹುಶಃ ಅವರಿಗೆ ಗೊತ್ತು. ಕೀಮೋ ನಿಂತಿದ್ದು, ನೀವು ಹಿತ್ತಲಲ್ಲಿ ನಿಂತು ಫೋನ್ ಮಾಡುವುದು, ದೂರದ ನೆಂಟರೆಲ್ಲ ಒಬ್ಬೊಬ್ಬರಾಗಿ ಬಂದು ಹೋಗುತ್ತಿರುವುದು ಅವರ ಕಣ್ಣಿಗೆ ಬೀಳದೇ ಇರುತ್ತದೆಯೇ? ನೀವು ಅವರಿಗಾಗಿ ಮುಚ್ಚಿಡುತ್ತೀರಿ, ಅವರು ನಿಮಗಾಗಿ. ಆಪ್ತಸಮಾಲೋಚಕರು ನೇರವಾಗಿ ‘ನಿಮಗೆ ಹೀಗಿದೆ’ ಎಂದು ಹೇಳಿಬಿಡುವುದಿಲ್ಲ. ‘ನಿಮ್ಮ ಕಾಯಿಲೆ ಬಗ್ಗೆ ನಿಮಗೇನು ಅನ್ನಿಸಿದೆ?’ ಎಂದು ಕೇಳಿ ಸುಮ್ಮನೆ ಕಾಯುತ್ತಾರೆ. ಎಷ್ಟು ತಿಳಿಯಬೇಕು ಎಂಬುದನ್ನು ಅಪ್ಪನೇ ತೀರ್ಮಾನಿಸಲಿ. ಅವರು ಸ್ಲೇಟಿನ ಮೇಲೆ ‘ಎಷ್ಟು ದಿನ?’ ಎಂದು ಬರೆದರೆ ಮಾತು ತಿರುಗಿಸಬೇಡಿ, ಯಾಕೆ ಕೇಳುತ್ತಿದ್ದೀರಿ ಎಂದು ಕೇಳಿ. ಎಷ್ಟೋ ಸಲ ಅದರ ಹಿಂದೆ ತೀರಾ ಸಣ್ಣ, ಗಟ್ಟಿ ವಿಷಯ ಇರುತ್ತದೆ: ಮೊಮ್ಮಗಳ ನಾಮಕರಣ, ಯಾರಿಗೋ ಕೊಟ್ಟ ಕೈಸಾಲ, ತಮ್ಮನ ಜೊತೆ ಬಿಟ್ಟ ಮಾತು.

ಕಾಗದಪತ್ರದ ಕೆಲಸವೂ ಇದೇ ಹೊತ್ತಿನದು. ಬ್ಯಾಂಕ್ ನಾಮಿನಿ, ಪಹಣಿ, ಸೊಸೈಟಿ ಸಾಲ, ಇನ್ಶೂರೆನ್ಸ್. ಉಯಿಲು ಬರೆಯುವುದಾದರೆ ಇಬ್ಬರು ಸಾಕ್ಷಿಗಳು ಬೇಕು, ನೋಂದಣಿ ಕಡ್ಡಾಯವಲ್ಲ. ಮಂಪರು ಹೆಚ್ಚಾಗುವ ಮುಂಚೆ, ಅವರೇ ತಲೆಯಾಡಿಸಿ ಹೇಳಬಲ್ಲ ದಿನಗಳಲ್ಲಿ ಮುಗಿಸಿ. ಕೊನೆಗಾಲದಲ್ಲಿ ವೆಂಟಿಲೇಟರ್ ಬೇಡ ಎಂದು ಅವರಿಗಿದ್ದರೆ ಅದನ್ನೂ ಬರೆದಿಡಬಹುದು. ಸುಪ್ರೀಂ ಕೋರ್ಟ್ 2018ರಲ್ಲಿ ಈ ಹಕ್ಕನ್ನು ಒಪ್ಪಿ, 2023ರಲ್ಲಿ ವಿಧಾನವನ್ನು ಸರಳಗೊಳಿಸಿತು: ಇಬ್ಬರು ಸಾಕ್ಷಿಗಳು, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ದೃಢೀಕರಣ ಸಾಕು. ಅದನ್ನು ಜಾರಿಗೆ ತರಲು ಕರ್ನಾಟಕ ಸರ್ಕಾರ 2025ರ ಜನವರಿಯಲ್ಲಿ ಆದೇಶ ಹೊರಡಿಸಿದೆ. ಮನೆಯಲ್ಲೇ ಇರುವವರಿಗೆ ಇದಕ್ಕಿಂತ ಹೆಚ್ಚು ಉಪಯೋಗಕ್ಕೆ ಬರುವುದು ತಂಡದ ಡಾಕ್ಟರು ಬರೆದುಕೊಡುವ ಒಂದು ಪುಟದ ಪತ್ರ. ರೋಗ ಯಾವ ಹಂತದಲ್ಲಿದೆ, ಯಾವ ಚಿಕಿತ್ಸೆ ಸಾಕು ಎಂದು ಅದರಲ್ಲಿರುತ್ತದೆ. ಗೋಡೆಗೆ ಅಂಟಿಸಿಡಿ.

ಎಲ್ಲಿಗೆ ಹೋಗಬೇಕು? ಮೈಸೂರಿನಲ್ಲಿ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಮನೆಗೆ ಹೋಗಿ ಮಾಡುವ ಪ್ಯಾಲಿಯೇಟಿವ್ ಆರೈಕೆ ನಡೆಸುತ್ತದೆ. ಬೆಂಗಳೂರಿನ ಕರುಣಾಶ್ರಯ ಕ್ಯಾನ್ಸರ್‌ನ ಕೊನೆಯ ಹಂತದವರನ್ನು ಹಣ ಪಡೆಯದೆ ಇರಿಸಿಕೊಂಡು ನೋಡಿಕೊಳ್ಳುತ್ತದೆ. ಮನೆಭೇಟಿಗೆ ಪ್ರತಿ ತಂಡಕ್ಕೂ ದೂರದ ಮಿತಿ ಇರುವುದರಿಂದ ಮದ್ದೂರು ತಾಲ್ಲೂಕಿಗೆ ಯಾರು ಬರುತ್ತಾರೆ ಎಂದು ನಿಮ್ಮ ಕ್ಯಾನ್ಸರ್ ಡಾಕ್ಟರನ್ನು, ಮಂಡ್ಯದ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಮಿಮ್ಸ್‌ನಲ್ಲಿ ಮತ್ತು ಪಿಎಚ್‌ಸಿಯಲ್ಲಿ ವಿಚಾರಿಸಿ. ತಿಂಗಳಿಗೊಮ್ಮೆ ಮೈಸೂರಿನ ತಂಡ ಮತ್ತು ಫೋನು, ನಡುವೆ ಊರಿನ ನರ್ಸಮ್ಮ ಅಥವಾ ಆಶಾ, ಹೀಗೆ ಜೋಡಿಸಿಕೊಂಡರೂ ನಡೆಯುತ್ತದೆ. ನೋವು ಎರಡು ಮೂರು ದಿನ ಹಿಡಿತಕ್ಕೆ ಸಿಗದಿದ್ದರೆ, ಉಸಿರಾಟ ಕಷ್ಟವಾದರೆ, ಮನೆಯವರು ನಿದ್ದೆಗೆಟ್ಟು ಕುಸಿದರೆ ಹಾಸ್ಪಿಸ್‌ಗೆ ಸೇರಿಸುವುದು ಒಳ್ಳೆಯದು. ಹತ್ತು ಹದಿನೈದು ದಿನ ಇದ್ದು ಮನೆಗೆ ವಾಪಸ್ ಬರುವವರೂ ಇದ್ದಾರೆ, ನೆಂಟರಿಗೆ ಇದನ್ನು ಹೇಳಿ. ಹೋಗುವ ಮುನ್ನ ಫೋನ್ ಮಾಡಿ ಹಾಸಿಗೆ ಇದೆಯೇ ಕೇಳಿಕೊಳ್ಳಿ.

ಕೊನೆಯ ದಿನಗಳು ಹತ್ತಿರವಾದಾಗ ನಿದ್ದೆ ಹಗಲಿಗೂ ಚಾಚುತ್ತದೆ, ಮೂತ್ರ ಕಡಿಮೆಯಾಗಿ ಕಡುಬಣ್ಣಕ್ಕೆ ತಿರುಗುತ್ತದೆ, ಮಂಡಿ ಪಾದಗಳು ತಣ್ಣಗಾಗಿ ನೀಲಿ ಮಚ್ಚೆ ಬೀಳುತ್ತದೆ, ಉಸಿರು ಜೋರಾಗಿ, ನಿಧಾನವಾಗಿ, ನಿಂತು, ಮತ್ತೆ ಶುರುವಾಗುತ್ತದೆ. ಈ ಹಂತದಲ್ಲಿ ಬಿಪಿ, ವಿಟಮಿನ್ ಮಾತ್ರೆಗಳನ್ನು ತಂಡ ನಿಲ್ಲಿಸುತ್ತದೆ. ಬೇಕಾದ ಮೂರು ನಾಲ್ಕು ಔಷಧಿಗಳನ್ನು ತೋಳಿನಲ್ಲೋ ಎದೆಯ ಮೇಲೋ ಚರ್ಮದಡಿ ಕೂರಿಸಿದ ಚಿಟ್ಟೆ ಸೂಜಿಯ ಮೂಲಕ ಕೊಡುತ್ತಾರೆ. ಪ್ರತಿ ಸಲ ಚುಚ್ಚಬೇಕಾಗಿಲ್ಲ, ಮನೆಯವರೂ ಕಲಿಯಬಹುದು. ಗಂಟಲಲ್ಲಿ ಗೊರಗೊರ ಸದ್ದು ಮನೆಯವರನ್ನು ಕಂಗೆಡಿಸುತ್ತದೆ. ರೋಗಿಗೆ ಆ ಹೊತ್ತಿಗೆ ಅಷ್ಟು ಪ್ರಜ್ಞೆ ಇರುವುದಿಲ್ಲ. ಒಂದು ಮಗ್ಗುಲಿಗೆ ಹೊರಳಿಸಿ, ತಲೆ ಸ್ವಲ್ಪ ಎತ್ತರಿಸಿ. ಗ್ಲೈಕೋಪೈರೊಲೇಟ್ ಅಥವಾ ಬಸ್ಕೊಪಾನ್ ಸೂಜಿ ಹೊಸ ಕಫ ಸೇರುವುದನ್ನು ತಡೆಯುತ್ತದೆ, ಈಗಾಗಲೇ ಇರುವುದನ್ನು ತೆಗೆಯಲಾರದು. ಅದಕ್ಕೇ ಸದ್ದು ಶುರುವಾದ ಕೂಡಲೇ ಹೇಳಬೇಕು. ಸಕ್ಷನ್ ಪೈಪು ಹಾಕಿ ಎಳೆದರೆ ಹಿಂಸೆ ಹೆಚ್ಚು, ಅದೂ ಕುತ್ತಿಗೆಯಲ್ಲಿ ಇಂಥ ಹುಣ್ಣಿರುವಾಗ. ಹೊರಳಾಟ, ಎದ್ದು ಹೋಗುವ ಚಡಪಡಿಕೆ ಕಂಡರೆ ಮೊದಲು ಹೊಕ್ಕುಳ ಕೆಳಗೆ ಕೈಯಿಟ್ಟು ನೋಡಿ. ಗಟ್ಟಿಯಾಗಿ ಉಬ್ಬಿದ್ದರೆ ಮೂತ್ರ ಕಟ್ಟಿದೆ, ನರ್ಸ್ ಕ್ಯಾತಿಟರ್ ಹಾಕಿದರೆ ಹತ್ತೇ ನಿಮಿಷಕ್ಕೆ ಶಾಂತ.

ಬಾಯಿಗೆ ನೀರು ಬಿಡುವ ಶಾಸ್ತ್ರವನ್ನು ಯಾವ ತಂಡವೂ ಬೇಡ ಎನ್ನುವುದಿಲ್ಲ. ಉದ್ಧರಣೆಯಿಂದ ಸುರಿಯಬೇಡಿ, ನುಂಗಲಾಗದವರಿಗೆ ಅದು ಶ್ವಾಸಕೋಶಕ್ಕೆ ಇಳಿದು ಕೆಮ್ಮುತ್ತ, ಉಸಿರುಗಟ್ಟುತ್ತ ಹೋಗಬೇಕಾಗುತ್ತದೆ. ತುಳಸಿ ದಳವನ್ನು ಅದ್ದಿ ತುಟಿಗೆ ಮುಟ್ಟಿಸಿ, ಸರತಿಯಲ್ಲಿ ಎಲ್ಲರೂ. ಕೆಳಗೆ ಮಲಗಿಸುವ ಪದ್ಧತಿಯಿದ್ದರೆ ಕಂಕುಳಿಗೆ ಕೈಹಾಕಿ ಎತ್ತದೆ, ದುಪ್ಪಟಿಯ ನಾಲ್ಕು ಮೂಲೆ ಹಿಡಿದು ಇಳಿಸಿ, ಕುತ್ತಿಗೆಗೆ ಒಬ್ಬರ ಕೈ ಇರಲಿ.

ಉಸಿರು ನಿಂತಾಗ ಗಡಿಯಾರ ನೋಡಿ ಹೊತ್ತು ಬರೆದುಕೊಳ್ಳಿ, ನರ್ಸ್‌ಗೆ ಫೋನ್ ಮಾಡಿ. 108ಕ್ಕೆ ಕರೆ ಬೇಡ. ಆಸ್ಪತ್ರೆಗೆ ಒಯ್ದರೆ ‘ಬರುವಾಗಲೇ ಮೃತ’ ಎಂದು ದಾಖಲಾಗಿ ಪೊಲೀಸ್ ಮಾಹಿತಿಯ ತನಕ ಹೋಗಬಹುದು. ಚಿಕಿತ್ಸೆ ನೀಡುತ್ತಿದ್ದ ಡಾಕ್ಟರು ಮನೆಯ ಸಾವಿಗೆ ನಮೂನೆ 4ಎ ಯಲ್ಲಿ ಕಾರಣ ಬರೆದುಕೊಡುತ್ತಾರೆ. ಅದರೊಂದಿಗೆ 21 ದಿನದೊಳಗೆ ಮರಣ ನೋಂದಣಿ ಮಾಡಿಸಿದರೆ ದಂಡವಿಲ್ಲ, ಪೌತಿ ಖಾತೆಗೆ, ಬ್ಯಾಂಕಿಗೆ ಆ ಪ್ರಮಾಣಪತ್ರವೇ ಬೇಕು. ಐದಾರು ಪ್ರತಿ ತೆಗೆಸಿಡಿ. ಸ್ನಾನಕ್ಕೆ ಮುಂಚೆ ಮೂಗಿನ ನಳಿಗೆ ತೆಗೆದು, ಹುಣ್ಣಿಗೆ ದಪ್ಪಗೆ ಹೊಸ ಬಟ್ಟೆ ಕಟ್ಟಿ, ಇಲ್ಲವಾದರೆ ನೀರು ಬಿದ್ದಾಗ ಸೋರುತ್ತದೆ.

ತಿಥಿ ಮುಗಿದ ಮೇಲೆ ತಂಡದವರು ಒಂದು ಸಲ ಬರುತ್ತಾರೆ ಅಥವಾ ಫೋನ್ ಮಾಡುತ್ತಾರೆ. ಮುಖ್ಯವಾಗಿ ನಿಮ್ಮ ತಾಯಿಯನ್ನು ಮಾತಾಡಿಸಲು: ನಿದ್ದೆ ಬರುತ್ತಿದೆಯೇ, ಊಟ ಮಾಡುತ್ತಿದ್ದಾರೆಯೇ, ಡ್ರೆಸ್ಸಿಂಗ್ ಮಾಡುತ್ತಿದ್ದ ಕೈಗಳಿಗೆ ಈಗ ಕೆಲಸವಿಲ್ಲದಂತಾಗಿದೆಯೇ ಎಂದು. ಉಳಿದ ಮಾರ್ಫಿನ್ ಮಾತ್ರೆಗಳನ್ನು ಆಗ ಎಣಿಸಿ ವಾಪಸ್ ಕೊಡಿ, ಪುಸ್ತಕದಲ್ಲಿ ಬರೆಸಿ ಸಹಿ ಹಾಕಿ. ಗಾಳಿ ಹಾಸಿಗೆ ಎರವಲು ತಂದದ್ದಾದರೆ ಒರೆಸಿ ಒಣಗಿಸಿ, ಪಂಪು ಮತ್ತು ಅದರ ಎರಡು ಪೈಪು ಸೇರಿಸಿ ಕೊಡಿ. ಪೈಪು ಕಳೆದುಹೋಗಿ ಮೂಲೆಗೆ ಬಿದ್ದ ಹಾಸಿಗೆಗಳು ಪ್ರತಿ ಕೇಂದ್ರದಲ್ಲೂ ಒಂದೆರಡು ಇರುತ್ತವೆ.